ಹಸಿರು ಬಂತು, ಆದ್ರೂ ಅಕ್ಕ ಬಾಕ್ಸ್ ಕಳಿಸಲಿಲ್ಲ

1/8: ಆ ರೀಲ್ ಯಾಕೆ ತೆಗೆದೆ?

ಹೋದ ತಿಂಗಳು ನಾನು ಹಾಕಿದ್ದ ರೀಲ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದೊಡ್ಡವ್ವನ ಚಟ್ನಿಪುಡಿ ಕೋಣೆ, ಕೈಯಲ್ಲಿ ಮೊಬೈಲ್, ಪ್ಯಾಕೆಟ್ ಮೇಲೆ ಹಿಡಿದ ಕೂಡಲೇ 'ಟಿಂಗ್' ಅಂತ ಹಸಿರು ಪರದೆ. (ಆ 'ಟಿಂಗ್' ನಾನೇ ಎಡಿಟಿಂಗ್‌ನಲ್ಲಿ ಸೇರಿಸಿದ್ದು, ಅದನ್ನೂ ಒಪ್ಪಿಕೊಂಡುಬಿಡ್ತೀನಿ.) ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: "ಇನ್ನು ನಮ್ಮಲ್ಲಿ ತಪ್ಪು ಪಾರ್ಸೆಲ್ ಹೋಗೋದೇ ಇಲ್ಲ!"

ನಾನು ಹಾಕಿದ್ದರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದೇ. ಈಗ ಅದು ಪ್ರೊಫೈಲ್‌ನಲ್ಲಿ ಇಲ್ಲ. "ಯಾಕೆ ತೆಗೆದೆ?" ಅಂತ ಕ್ಲಾಸ್‌ನಲ್ಲೂ ಕೇಳಿದ್ರಿ, ಮೆಸೇಜ್‌ನಲ್ಲೂ ಕೇಳಿದ್ರಿ. ಒಂದು ಸಾಲಿನಲ್ಲಿ ಹೇಳೋಕೆ ಆಗಲ್ಲ, ಅದಕ್ಕೆ ಈ ಎಂಟು ಪೋಸ್ಟ್.

ಹೊಸಬರಿಗೆ ನಮ್ಮ ಮನೆ ಪರಿಚಯ. ನಾನು ಧಾರವಾಡ, ಬಿಕಾಂ ಐದನೇ ಸೆಮ್. ನಮ್ಮ ದೊಡ್ಡವ್ವ ಮನೆ ಹಿಂದಿನ ಕೋಣೆಯಲ್ಲಿ ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಅಂತ ನಾಲ್ಕು ಥರ ಚಟ್ನಿಪುಡಿ ಮಾಡಿಸಿ ಮಾರ್ತಾರೆ. ಜೊತೆಗೆ ಖಡಕ್ ರೊಟ್ಟಿ. ಮೊದಲು ಓಣಿಯವರಿಗೆ ಮಾತ್ರ ಇತ್ತು, ಈಗ ಆನ್‌ಲೈನ್. ದಿನಕ್ಕೆ 30-35 ಬಾಕ್ಸ್ ಹೋಗುತ್ತವೆ, ದೀಪಾವಳಿ ಹತ್ತಿರ ಬಂದರೆ ನೂರು ದಾಟುತ್ತೆ.

ಹುರಿಯೋದು, ಪುಡಿ ಮಾಡೋದು, ತೂಗೋದು, ಪ್ಯಾಕ್ ಮಾಡೋದು ಅಕ್ಕನ ಕೆಲಸ. ಅಕ್ಕ ಅಂದ್ರೆ ಒಡಹುಟ್ಟಿದವರಲ್ಲ, ನಾಲ್ಕು ವರ್ಷದಿಂದ ನಮ್ಮಲ್ಲಿ ದಿನಗೂಲಿ ಮೇಲೆ ಬರೋರು. "ನನ್ನ ಹೆಸರ ಹಾಕಬ್ಯಾಡ" ಅಂದಿದ್ದಾರೆ, ಹಾಗಾಗಿ ಇಲ್ಲಿ ಬರೀ 'ಅಕ್ಕ'. ಆರ್ಡರ್ ಬರ್ಕೊಳ್ಳೋದು, ವಿಳಾಸ, ಕೊರಿಯರ್ ನನ್ನ ಕೆಲಸ. ಈ ಎರಡು ಸಾಲು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2/8: ಪುಣೆಯಿಂದ ಬಂದ ಫೋನ್

ಯುಗಾದಿ ಮುಗಿದ ವಾರ. ಪುಣೆಯಿಂದ ಒಬ್ಬರು ಫೋನ್ ಮಾಡಿದರು. ಕನ್ನಡದವರೇ, ಕೆಲಸಕ್ಕೆ ಅಂತ ಹೋಗಿ ಅಲ್ಲೇ ನೆಲೆಸಿದವರು.

"ನಾನು ಅಗಸಿ ಚಟ್ನಿ ಕೇಳಿದ್ದೆ, ಶೇಂಗಾ ಬಂದಿದೆ."

ನಾನು ಮಾಮೂಲಿ ರಾಗ ಶುರು ಮಾಡಿದೆ: "ಸಾರಿ ಮೇಡಂ, ನಾಳೇನೇ ಬದಲಿ ಕಳಿಸ್ತೀನಿ..."

"ಬದಲಿ ವಿಷಯ ಅಲ್ಲಮ್ಮ. ನನ್ನ ಮಗನಿಗೆ ಶೇಂಗಾ ಅಲರ್ಜಿ. ಆರು ವರ್ಷ ಅವನಿಗೆ. ಡಬ್ಬಿಗೆ ಹಾಕೋವಾಗ ವಾಸನೆಯಿಂದ ಗೊತ್ತಾಯ್ತು. ನಾನು ಮನೇಲಿ ಇಲ್ಲದೆ ಬೇರೆ ಯಾರಾದ್ರೂ ತೆಗೆದು ಕೊಟ್ಟಿದ್ರೆ?"

ಬೈದಿದ್ದರೆ ಏನಾದರೂ ಉತ್ತರ ಕೊಡ್ತಿದ್ದೆನೇನೋ. ಅವರು ಬೈಯಲೇ ಇಲ್ಲ. ದುಡ್ಡು ವಾಪಸ್ ಹಾಕಿ ಫೋನ್ ಇಟ್ಟ ಮೇಲೆ ಕೈ ನಡುಗ್ತಿತ್ತು.

ನಮ್ಮ ಆಗಿನ ಕವರ್ ಈ ಫೋಟೋದಲ್ಲಿದೆ, ನೋಡಿ. ನಾಲ್ಕೂ ಪುಡಿಗೆ ಒಂದೇ ಕವರ್. ನಾಲ್ಕು ಹೆಸರು ಪ್ರಿಂಟ್ ಆಗಿವೆ, ಯಾವುದೋ ಅದರ ಪಕ್ಕ ಪೆನ್ನಿನಲ್ಲಿ ಒಂದು ಟಿಕ್. ಎಣ್ಣೆ ಕೈ ತಾಗಿದರೆ ಟಿಕ್ ಹೋಯ್ತು. ಖರ್ಚು ಉಳಿಸೋಕೆ ಹಾಗೆ ಮಾಡಿಸಿದ್ದು, ಐಡಿಯಾ ನನ್ನದೇ.

ಅವತ್ತು ಸಂಜೆ ಒಳಗೆ ಹೋಗಿ, ದೊಡ್ಡವ್ವನ ಎದುರಿಗೇ ಅಕ್ಕನಿಗೆ ಅಂದೆ: "ಅಕ್ಕಾ, ಸ್ವಲ್ಪ ನೋಡಿ ಹಾಕ್ರಿ. ಒಂದ ಕೂಸಿನ ಜೀವಕ್ಕ ಬರ್ತಿತ್ತು ಇವತ್ತ."

ಅಕ್ಕ ಒಂದು ಸಲ ನನ್ನ ಮುಖ ನೋಡಿದರು. ಏನೂ ಮಾತಾಡಲಿಲ್ಲ. ರೊಟ್ಟಿ ಎಣಿಸೋದು ಮುಂದುವರಿಸಿದರು.

ಆ ರಾತ್ರಿಯೇ ತೀರ್ಮಾನ ಮಾಡಿದೆ: ಮನುಷ್ಯರು ತಪ್ಪು ಮಾಡ್ತಾರೆ, ಇದನ್ನು ಆಟೊಮೇಟ್ ಮಾಡಬೇಕು. 'ಮನುಷ್ಯರು' ಅಂದಾಗ ನನ್ನ ತಲೆಯಲ್ಲಿದ್ದದ್ದು ಒಬ್ಬರೇ ಮನುಷ್ಯರು.

3/8: ಗೋದಾಮಿನಲ್ಲಿ ಕಲಿತದ್ದು

ಆಟೊಮೇಶನ್ ನನಗೆ ಬರೀ ಯೂಟ್ಯೂಬ್‌ನಲ್ಲಿ ನೋಡಿದ ವಿಷಯ ಆಗಿರಲಿಲ್ಲ. ಹೋದ ವರ್ಷದ ಸೆಮ್ ರಜೆಯಲ್ಲಿ ಹೊಸಕೋಟೆಯ ಚಿಕ್ಕಮ್ಮನ ಮನೆಯಲ್ಲಿದ್ದು, ಹತ್ತಿರದ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಗೋದಾಮಿನಲ್ಲಿ ಮೂರು ವಾರ ಪಿಕರ್ ಆಗಿದ್ದೆ. ಹೆಸರು ಬೇಡ.

ಮೊದಲ ದಿನವೇ ತಲೆ ತಿರುಗಿತು. ನಾವು ಅಂಗಡಿಯಲ್ಲಿ ಏನು ಮಾಡ್ತೀವಿ? ಸೋಪು ಒಂದು ಕಡೆ, ಬಿಸ್ಕತ್ತು ಒಂದು ಕಡೆ. ಅಲ್ಲಿ ಒಂದೇ ಖಾನೆಯಲ್ಲಿ ಚಾರ್ಜರ್, ಮಕ್ಕಳ ಬೊಂಬೆ, ಶಾಂಪೂ. ಅದೇ ಶಾಂಪೂ ಇನ್ನೂ ಐದು ಕಡೆ. ಇದು ಅಸಡ್ಡೆ ಅಲ್ಲ, ಬೇಕಂತಲೇ ಮಾಡೋದು. ಖಾಲಿ ಜಾಗ ಎಲ್ಲಿದೆಯೋ ಅಲ್ಲಿ ಸಾಮಾನು ಇಡಬಹುದು, ಜಾಗ ವ್ಯರ್ಥ ಆಗಲ್ಲ. ಯಾವ ಸಾಮಾನು ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಗೊತ್ತು, ನಿಮಗೆ ಹತ್ತಿರದ ಖಾನೆಗೆ ನಿಮ್ಮನ್ನು ಕಳಿಸುತ್ತೆ. ಹೋಲುವ ಎರಡು ಸಾಮಾನು ಅಕ್ಕಪಕ್ಕ ಇರದ ಕಾರಣ ಒಂದರ ಬದಲು ಇನ್ನೊಂದು ತೆಗೆಯೋದೂ ಕಮ್ಮಿ.

ಕೈಯಲ್ಲಿ ಸ್ಕ್ಯಾನರ್. ಖಾನೆ ಸ್ಕ್ಯಾನ್ ಮಾಡು, ಸಾಮಾನು ಸ್ಕ್ಯಾನ್ ಮಾಡು, ಸರಿ ಇದ್ದರೆ ಮುಂದಿನದು ತೋರಿಸುತ್ತೆ, ತಪ್ಪಿದ್ದರೆ ಅಲ್ಲೇ ತಡೆಯುತ್ತೆ. ನೀವು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಅದು ಆರಾಮ ಅನ್ನಿಸಿತ್ತು.

ಒಂದು ಕಿರಿಕಿರಿ ಮಾತ್ರ ಇತ್ತು. ಒಂದು ಸಾಲಿನಲ್ಲಿ ಕೆಲವು ಖಾನೆಗಳ ಲೇಬಲ್ ಕಿತ್ತುಹೋಗಿದ್ದವು. ಸ್ಕ್ಯಾನ್ ಆಗ್ತಿರಲಿಲ್ಲ, ನಿಮಿಷ ಹಾಳಾಗ್ತಿತ್ತು, ನಮ್ಮ ಸ್ಪೀಡ್ ಕಡಿಮೆ ತೋರಿಸ್ತಿತ್ತು. ಆ ಸಾಲಿನಲ್ಲಿ ನಡೆಯೋ ಎಲ್ಲರಿಗೂ ಇದು ಗೊತ್ತಿತ್ತು. ಆದರೆ ಸ್ಕ್ಯಾನರ್‌ನಲ್ಲಿ ಅದನ್ನು ಹೇಳೋಕೆ ಒಂದು ಬಟನ್ ಇರಲಿಲ್ಲ. ಆಗ ಅದನ್ನು ದೊಡ್ಡ ವಿಷಯ ಅಂದ್ಕೊಳ್ಳಲಿಲ್ಲ.

4/8: ರೋಬೋಟ್‌ಗಿಂತ ಮೊದಲು ಬಂದದ್ದು ನಂಬರ್

'ವೇರ್‌ಹೌಸ್ ಆಟೊಮೇಶನ್' ಅಂದ್ರೆ ನಮಗೆ ಕಣ್ಣಿಗೆ ಬರೋದು ರೋಬೋಟ್. ಅದೂ ಇದೆ. ಅಮೆರಿಕದಲ್ಲಿ ವೆಬ್‌ವ್ಯಾನ್ ಅಂತ ಮನೆಗೆ ದಿನಸಿ ತಲುಪಿಸೋ ಕಂಪನಿ ಇತ್ತು, 2001ರಲ್ಲಿ ದಿವಾಳಿ ಆಯ್ತು. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ ಅನ್ನೋರು ಒಂದೊಂದು ಆರ್ಡರ್ ಕೈಗೆ ತಂದು ಪ್ಯಾಕ್ ಮಾಡೋಕೆ ಎಷ್ಟು ಖರ್ಚು ಬೀಳುತ್ತೆ ಅಂತ ನೋಡಿದ್ದರು. ಗೋದಾಮಿನಲ್ಲಿ ಪಿಕರ್‌ಗಳ ಹೆಚ್ಚಿನ ಹೊತ್ತು ಹೋಗೋದು ನಡೆಯೋದರಲ್ಲಿ. (ಹೌದು, ನನ್ನ ಕಾಲನ್ನು ಕೇಳಿ.) ಮನುಷ್ಯ ಕಪಾಟಿನ ಹತ್ತಿರ ಹೋಗೋ ಬದಲು ಕಪಾಟೇ ಮನುಷ್ಯನ ಹತ್ತಿರ ಬಂದರೆ? 2003ರಲ್ಲಿ ಅವರು ಶುರು ಮಾಡಿದ ಕಂಪನಿಯೇ ಮುಂದೆ ಕೀವಾ ಸಿಸ್ಟಮ್ಸ್ ಆಯ್ತು. ಅದರ ರೋಬೋಟ್ ಕಪಾಟಿನ ಕೆಳಗೆ ನುಗ್ಗಿ, ಎತ್ತಿಕೊಂಡು, ನಿಂತಲ್ಲಿಗೇ ತಂದು ಕೊಡುತ್ತೆ. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರ್‌ಗೆ ಕೊಂಡಿತು. 2025ರಲ್ಲಿ ತನ್ನ ರೋಬೋಟ್‌ಗಳ ಸಂಖ್ಯೆ 10 ಲಕ್ಷ ಮುಟ್ಟಿದೆ ಅಂತ ಕಂಪನಿಯೇ ಹೇಳಿತು. ನಮ್ಮ ಬೆಂಗಳೂರಲ್ಲೂ 2019ರಲ್ಲಿ ಫ್ಲಿಪ್‌ಕಾರ್ಟ್ ಪಾರ್ಸೆಲ್ ವಿಂಗಡಿಸೋಕೆ ನೂರಕ್ಕೂ ಹೆಚ್ಚು ಪುಟ್ಟ ರೋಬೋಟ್ ಇಳಿಸಿತ್ತು. ಅವು ಪಾರ್ಸೆಲ್‌ನ ವಿಳಾಸ ಯಾವ ಪಿನ್‌ಕೋಡ್ ಅಂತ ತಿಳಿದುಕೊಂಡು ಸರಿಯಾದ ಕಿಂಡಿಗೆ ಹಾಕ್ತವೆ.

ಪಿನ್‌ಕೋಡ್! ಅದನ್ನು ಯೋಚಿಸಿ. ನಮ್ಮಲ್ಲಿ ಅದು ಬಂದದ್ದು 1972ರ ಆಗಸ್ಟ್ 15ಕ್ಕೆ. ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಭಾಷೆಯ ವಿಳಾಸ. ಅಂಚೆಯವರ ತಲೆಯಲ್ಲಿದ್ದ ಭೂಗೋಳವನ್ನು ಆರು ಅಂಕಿಗೆ ಇಳಿಸಿದ್ದು ಅದು. ಬಾರ್‌ಕೋಡ್ ಕೂಡ ಅಷ್ಟೇ. 1974ರ ಜೂನ್ 26ರಂದು ಅಮೆರಿಕದ ಓಹಾಯೊದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಮೊದಲ ಸಲ ಒಂದು ಚೂಯಿಂಗ್ ಗಮ್ ಪ್ಯಾಕೆಟ್ ಸ್ಕ್ಯಾನ್ ಆಯ್ತು. ಬೆಲೆ ಕ್ಯಾಶಿಯರ್ ನೆನಪಿನಲ್ಲಿ ಇರಬೇಕಿಲ್ಲ, ಗೆರೆಗಳಲ್ಲಿರೋ ನಂಬರ್ ನೋಡಿ ಕಂಪ್ಯೂಟರ್ ಬೆಲೆ ಹುಡುಕುತ್ತೆ.

ನನಗೆ ಅರ್ಥ ಆದದ್ದು ಇಷ್ಟು: ಯಾರದೋ ತಲೆಯಲ್ಲಿ ಇರೋದನ್ನು ಮೊದಲು ಹೊರಗೆ ತೆಗೆದು ಬರೆಯಬೇಕು. ಯಂತ್ರ ಆಮೇಲೆ. ಅದಕ್ಕೆ ರೋಬೋಟ್ ಬೇಕಿಲ್ಲ, ನಮ್ಮ ಹಿಂದಿನ ಕೋಣೆಯಲ್ಲೂ ಮಾಡಬಹುದು.

5/8: ನಾನು ಕಟ್ಟಿದ್ದು

ಇದು ನಮ್ಮ ಕ್ಲಾಸ್‌ನವರಿಗೆ ಇಷ್ಟ ಆಗುತ್ತೆ. ಪುಸ್ತಕದ್ದೆಲ್ಲಾ ಇಲ್ಲಿ ಉಪಯೋಗಕ್ಕೆ ಬಂತು.

ಒಂದು, ಪ್ರತಿ ಪುಡಿಗೆ ಬೇರೆ ಲೇಬಲ್, ಬೇರೆ ಬಣ್ಣ, ಬೇರೆ ಬಾರ್‌ಕೋಡ್. ಸೆಕೆಂಡ್ ಹ್ಯಾಂಡ್ ಥರ್ಮಲ್ ಪ್ರಿಂಟರ್ ₹4,500ಕ್ಕೆ ಸಿಕ್ಕಿತು. ಅದು ಕಪ್ಪು ಬಿಟ್ಟು ಬೇರೆ ಬಣ್ಣ ಪ್ರಿಂಟ್ ಮಾಡಲ್ಲ, ಹಾಗಾಗಿ ಬಣ್ಣದ ಚುಕ್ಕೆ ಸ್ಟಿಕರ್ ಅಂಟಿಸಿದ್ವಿ. ಕೆಂಪು ಚುಕ್ಕೆ ಶೇಂಗಾ.

ಎರಡು, ಪ್ರತಿ ಘಾಣಕ್ಕೆ ಒಂದು ಬ್ಯಾಚ್ ನಂಬರ್, ತಯಾರಿಸಿದ ದಿನ. ನಾವು ಪರೀಕ್ಷೆಗೆ ಫೀಫೋ, ಲೀಫೋ ಅಂತ ಉರು ಹೊಡೀತೀವಲ್ಲ? ಲೀಫೋವನ್ನು ನಮ್ಮ ಲೆಕ್ಕಪತ್ರ ಮಾನದಂಡ ಎಎಸ್-2 ಒಪ್ಪಲ್ಲ ಅಂತ ಬರೆದು ಎರಡು ಮಾರ್ಕ್ಸ್ ತಗೋತೀವಿ. ಇಲ್ಲಿ ಅದು ವಾಸನೆಯಲ್ಲೇ ಗೊತ್ತಾಗುತ್ತೆ: ಹಳೇ ಶೇಂಗಾ ಪುಡಿ ಹಿಂದೆ ಉಳಿದರೆ ಕಮಟು ಬರುತ್ತೆ. ಮೊದಲು ಹಾಳಾಗೋದು ಮೊದಲು ಹೊರಗೆ ಹೋಗಬೇಕು.

ಮೂರು, ಆರ್ಡರ್ ಬಂದ ಕೂಡಲೇ ಗೂಗಲ್ ಶೀಟ್‌ನಲ್ಲಿ ಸಾಲು ಸೇರಿ, ಸ್ಟಾಕ್‌ನಿಂದ ತಾನೇ ಕಳೆದು, ಚೀಟಿ ಪ್ರಿಂಟ್‌ಗೆ ತಯಾರಾಗುತ್ತೆ. ಸ್ಟಾಕ್ ರೀಆರ್ಡರ್ ಲೆವೆಲ್‌ಗಿಂತ ಕೆಳಗೆ ಹೋದರೆ ದೊಡ್ಡವ್ವನ ಫೋನಿಗೆ ಮೇಲ್. ಫಾರ್ಮುಲಾ ಕಾಸ್ಟ್ ಅಕೌಂಟಿಂಗ್‌ದೇ: ಗರಿಷ್ಠ ಬಳಕೆ × ತರಿಸಲು ಬೇಕಾದ ಗರಿಷ್ಠ ಅವಧಿ.

ನಾಲ್ಕು, ಪ್ಯಾಕ್ ಮಾಡೋವಾಗ ಆಪ್‌ಶೀಟ್ ಅನ್ನೋ ಆಪ್‌ನಲ್ಲಿ ಚೀಟಿಯ ಕೋಡ್, ಪ್ಯಾಕೆಟ್‌ನ ಕೋಡ್ ಎರಡನ್ನೂ ಸ್ಕ್ಯಾನ್ ಮಾಡಬೇಕು. ಎರಡೂ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು.

ಮೂರು ಗಂಟೆಯ ಪ್ಯಾಕಿಂಗ್ ಒಂದೂವರೆ ಗಂಟೆಗೆ ಇಳಿಯಿತು. ನಾನು ಕಾಲೇಜ್ ಪ್ರಾಜೆಕ್ಟ್‌ಗೂ ಇದನ್ನೇ ತಗೊಂಡೆ. ಕೊನೇ ಸ್ಲೈಡ್‌ನಲ್ಲಿ ಬರೆದಿದ್ದೆ: "ಲೇಬರ್ ಕಾಸ್ಟ್ ಉಳಿತಾಯ 50%." ಅದರ ಅರ್ಥ ಏನು ಗೊತ್ತಾ? ದೀಪಾವಳಿ ಆದ ಮೇಲೆ ಅಕ್ಕ ವಾರಕ್ಕೆ ಆರು ದಿನದ ಬದಲು ಮೂರು ದಿನ ಬಂದರೆ ಸಾಕು. ಸ್ಲೈಡ್‌ನಲ್ಲಿ ಅದು ಹಸಿರು ಬಣ್ಣದ ಕೆಳಮುಖ ಬಾಣ. ಅಕ್ಕನ ಮನೆಯಲ್ಲಿ ಅದು ಅರ್ಧ ಸಂಬಳ.

6/8: ಹಳೇ ನೋಟ್‌ಬುಕ್

ರೀಆರ್ಡರ್ ಲೆವೆಲ್ ಲೆಕ್ಕಕ್ಕೆ ಹಳೇ ಆರ್ಡರ್‌ಗಳು ಬೇಕಿದ್ದವು. ಒಂದು ಭಾನುವಾರ ಕೂತು ಹಳೇ ನೋಟ್‌ಬುಕ್ ಅನ್ನು ಶೀಟ್‌ಗೆ ಏರಿಸ್ತಿದ್ದೆ. ಯುಗಾದಿ ವಾರದ ಪುಟ ಬಂತು.

"ಪುಣೆ: ಶೇಂಗಾ 2."

ಅಕ್ಷರ ನನ್ನದು.

ಮೊಬೈಲ್ ತೆಗೆದು ಅವರ ಹಳೇ ಮೆಸೇಜ್ ಹುಡುಕಿದೆ. ಅಗಸಿ ಎರಡು ಅಂತ ಸ್ಪಷ್ಟವಾಗಿತ್ತು. ಅದರ ಮೇಲಿನ ಆರ್ಡರ್ ಶೇಂಗಾ. ಕಾಪಿ ಮಾಡೋವಾಗ ನನ್ನ ಕಣ್ಣು ಒಂದು ಸಾಲು ಜಾರಿದೆ. ಅಕ್ಕ ನಾನು ಬರೆದದ್ದನ್ನೇ ಅಚ್ಚುಕಟ್ಟಾಗಿ ಪ್ಯಾಕ್ ಮಾಡಿದ್ದಾರೆ.

ಆಮೇಲೆ ಸ್ಕ್ಯಾನ್ ದಾಖಲೆ ನೋಡಿದೆ. ಮೊದಲ ತಿಂಗಳ 900 ಚಿಲ್ಲರೆ ಬಾಕ್ಸ್‌ನಲ್ಲಿ ಕೆಂಪು ಬಂದದ್ದು ಮೂರೇ ಸಲ. ಅಕ್ಕನ ಕೈ ತಪ್ಪೋದೇ ಅಪರೂಪ. ಇನ್ನೂ ಹೊಟ್ಟೆಗೆ ಇರಿದ ವಿಷಯ ಬೇರೆ. ಯುಗಾದಿ ದಿನ ಈ ಸ್ಕ್ಯಾನರ್ ಇದ್ದಿದ್ದರೂ ಆ ತಪ್ಪು ಹಿಡೀತಿರಲಿಲ್ಲ! ಚೀಟಿಯಲ್ಲೇ ಶೇಂಗಾ ಅಂತ ಇದ್ದರೆ, ಶೇಂಗಾ ಪ್ಯಾಕೆಟ್‌ಗೆ ಹಸಿರೇ ಬರುತ್ತೆ. ಬಿತ್ತಿದಂತೆ ಬೆಳೆ. ನಾನು ತಪ್ಪು ನಡೆಯೋ ಜಾಗ ಬಿಟ್ಟು, ತಪ್ಪು ನಡೀದಿರೋ ಜಾಗಕ್ಕೆ ಕಾವಲು ಹಾಕಿದ್ದೆ.

ಮರುದಿನವೇ ಮೆಸೇಜ್‌ನಲ್ಲಿ ಆರ್ಡರ್ ತಗೊಳ್ಳೋದು ನಿಲ್ಲಿಸಿದೆ. ಎಲ್ಲರಿಗೂ ಫಾರ್ಮ್ ಲಿಂಕ್. ಗ್ರಾಹಕರು ತಾವೇ ಆರಿಸ್ತಾರೆ, ಮಧ್ಯದಲ್ಲಿ ನನ್ನ ಕಣ್ಣು ಜಾರೋ ಅವಕಾಶ ಇಲ್ಲ. 'ಏನಾದರೂ ಹೇಳೋದಿದ್ದರೆ' ಅಂತ ಒಂದು ಖಾಲಿ ಜಾಗವನ್ನೂ ಇಟ್ಟೆ, ಅದು ನೇರ ಚೀಟಿ ಮೇಲೆ ಪ್ರಿಂಟ್ ಆಗೋ ಹಾಗೆ.

ಸಿಸ್ಟಮ್ ಸರಿ ಮಾಡಿದೆ. ಅಕ್ಕನ ಹತ್ತಿರ ಹೋಗಿ "ತಪ್ಪು ನಂದು" ಅನ್ನೋದು ಮಾತ್ರ ಆಗಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಐದು ವಾರ ಹೋಯ್ತು. ಆ ಐದು ವಾರದಲ್ಲೇ ನಾನು ಆ ರೀಲ್ ಹಾಕಿದ್ದು. ಅದಕ್ಕೆ ಇದನ್ನು ಬರೆಯೋಕೆ ಇಷ್ಟು ಕಷ್ಟ ಆಗ್ತಿದೆ.

7/8: ಹಸಿರು

ರೀಲ್ ಹಾಕಿದ ವಾರದಲ್ಲೇ ಪುಣೆಯ ಅದೇ ವಿಳಾಸದಿಂದ ಆರ್ಡರ್ ಬಂತು. ಅಗಸಿ 2, ಗುರೆಳ್ಳು 1. ಖಾಲಿ ಜಾಗದಲ್ಲಿ ಕನ್ನಡದಲ್ಲೇ ಬರೆದಿದ್ದರು: "ನಿಮ್ಮ ವಿಡಿಯೋ ನೋಡಿ ಧೈರ್ಯ ಬಂತು. ಮಗನಿಗೆ ಶೇಂಗಾ ಅಲರ್ಜಿ, ದಯವಿಟ್ಟು ಗಮನಿಸಿ."

ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿಗೆ ಹಾಕೋದರಲ್ಲಿದ್ದೆ.

ಅಕ್ಕ ಸ್ಕ್ಯಾನ್ ಮಾಡಿದರು. ಮೂರೂ ಪ್ಯಾಕೆಟ್ ಹಸಿರು. ಬಾಕ್ಸ್ ಮುಚ್ಚಲಿಲ್ಲ. ಚೀಟಿ ಇನ್ನೊಂದು ಸಲ ಓದಿ, ಬಾಕ್ಸ್ ಪಕ್ಕಕ್ಕೆ ಸರಿಸಿದರು.

"ತಂಗೀ, ಇದನ್ನ ಕಳಸಬ್ಯಾಡ."

"ಯಾಕಕ್ಕಾ? ಹಸಿರ ಬಂದೈತಲ್ಲ."

"ಹಸಿರ ಬಂದೈತಿ ಖರೆ. ನಿನ್ನೆ ಶೇಂಗಾ ಹಾಕಿ ತಗದ ಮಿಕ್ಸರದಾಗ ಅಗಸಿ ಹಾಕೇನಿ. ಅರಿವಿಲೆ ಒರಸೇನಿ ಅಷ್ಟ, ತೊಳದಿಲ್ಲ. ದಿನಾ ಹಂಗ ಮಾಡೋದು. ತಿನ್ನೋರಿಗೆ ಅದರಿಂದ ಏನೂ ಆಗೂದಿಲ್ಲ. ಆದ್ರ ಈ ಕೂಸಿಗೆ ಆಗ್ತೈತೇನು?"

ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅಲರ್ಜಿ ಇರೋರಿಗೆ ಸ್ವಲ್ಪವೇ ಸ್ವಲ್ಪ ಶೇಂಗಾ ಕೂಡ ಅಪಾಯ ಆಗಬಹುದು. ಅಕ್ಕನಿಗೆ ಅಲರ್ಜಿ ಬಗ್ಗೆ ಓದಿ ಗೊತ್ತಿರಲಿಲ್ಲ, ಆದರೆ ಮಿಕ್ಸರ್ ಗೊತ್ತಿತ್ತು. ನನಗೆ ಅಲರ್ಜಿ ಗೊತ್ತಿತ್ತು, ಮಿಕ್ಸರ್ ಗೊತ್ತಿರಲಿಲ್ಲ. ಶೀಟ್‌ನಲ್ಲಿ ಬ್ಯಾಚ್ ನಂಬರ್ ಇತ್ತು, ದಿನಾಂಕ ಇತ್ತು. 'ಇದಕ್ಕಿಂತ ಮೊದಲು ಮಿಕ್ಸರ್‌ನಲ್ಲಿ ಏನಿತ್ತು' ಅನ್ನೋ ಕಾಲಂ ಇರಲಿಲ್ಲ. ಯಾಕಂದ್ರೆ ಕಾಲಂ ಮಾಡೋವಾಗ ನಾನು ಅಕ್ಕನನ್ನು ಕೇಳಿರಲಿಲ್ಲ.

ಪ್ಯಾಕೆಟ್ ಮೇಲಿನ ಬಾರ್‌ಕೋಡ್ ಹೇಳೋದು ಇದು ಅಗಸಿ ಪ್ಯಾಕೆಟ್ ಅಂತ. ಒಳಗೆ ಏನಿದೆ ಅಂತ ಅಲ್ಲ.

ಫೋನ್ ಮಾಡಿ ಅವರಿಗೆ ಎಲ್ಲ ಹೇಳಿದೆ. "ನಮ್ಮ ಅಡುಗೆಮನೆಯಿಂದ ಬರೋ ಯಾವುದೂ ನಿಮ್ಮ ಮಗನಿಗೆ ಬೇಡ ಮೇಡಂ. ನನ್ನ ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ನಿಜ ಅಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು" ಅಂದರು. ದುಡ್ಡು ವಾಪಸ್ ಕಳಿಸಿ, ರೀಲ್ ತೆಗೆದೆ.

8/8: 'ತಡಿ'

ಅವತ್ತು ಸಂಜೆ ಅಕ್ಕ ಚಹಾ ಕುಡಿಯೋವಾಗ ಎದುರಿಗೆ ಕೂತೆ. ದೊಡ್ಡವ್ವನೂ ಇದ್ದರು, ಬೇಕಂತಲೇ ಅವರಿದ್ದಾಗಲೇ ಹೇಳಿದೆ. "ಅಕ್ಕಾ, ಯುಗಾದಿ ಟೈಮಿನ್ಯಾಗಿನ ತಪ್ಪ ನಂದು. ನೋಟ್‌ಬುಕ್‌ನ್ಯಾಗ ನಾನ ಶೇಂಗಾ ಅಂತ ಬರದಿದ್ದೆ."

ಅಕ್ಕ ನಕ್ಕರು. "ಗೊತ್ತೈತಿ ತಂಗೀ. ಅವತ್ತ ಗೊತ್ತಿತ್ತ. ಪುಸ್ತಕ ನನ್ನ ಕೈಯಾಗ ಇತ್ತಲ್ಲ."

"ಮತ್ತ ಯಾಕ ಹೇಳಲಿಲ್ರಿ?"

"ನಿಮ್ಮ ದೊಡ್ಡವ್ವನ ಮುಂದ ನಿನ್ನ ಹೆಸರ ಹೆಂಗ ಹೇಳ್ಲಿ?"

ಐದು ವಾರ ನಾನು ಮುಚ್ಚಿಟ್ಟದ್ದನ್ನು ಅವರು ಅದಕ್ಕಿಂತ ಎಷ್ಟೋ ಮೊದಲಿನಿಂದ ಮುಚ್ಚಿಟ್ಟಿದ್ದರು. ನನಗೋಸ್ಕರ.

ಆಮೇಲೆ ಏನೇನು ಬದಲಾಯ್ತು ಹೇಳ್ತೀನಿ. ಎಲ್ಲ ಪ್ಯಾಕೆಟ್ ಮೇಲೂ ಈಗ ಒಂದು ಸಾಲು ಇದೆ: "ಶೇಂಗಾ ಬಳಸುವ ಮಿಕ್ಸರ್‌ನಲ್ಲಿ ತಯಾರಾದದ್ದು, ಶೇಂಗಾ ಅಂಶ ಇರಬಹುದು." ಅಲರ್ಜಿ ತರುವ ಪದಾರ್ಥಗಳನ್ನು ಲೇಬಲ್‌ನಲ್ಲಿ ಹೇಳಬೇಕು ಅಂತ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಗಳಲ್ಲೇ ಇದೆ, ಆ ಪಟ್ಟಿಯಲ್ಲಿ ಶೇಂಗಾನೂ ಇದೆ. ನಾನು ಓದಿದ್ದು ತಡವಾಗಿ. ನಿಮ್ಮ ಮನೆಯಲ್ಲೂ ತಿಂಡಿ ಮಾಡಿ ಮಾರ್ತಿದ್ದರೆ ಇವತ್ತೇ ಓದಿ.

ಆಪ್‌ನಲ್ಲಿ ಒಂದು ಹಳದಿ ಬಟನ್ ಸೇರಿಸಿದ್ದೇನೆ. ಹೆಸರು 'ತಡಿ'. ಹಸಿರು ಬಂದಿದ್ದರೂ ಅಕ್ಕ ಅದನ್ನು ಒತ್ತಿದರೆ ಬಾಕ್ಸ್ ನಿಲ್ಲುತ್ತೆ. ಕಾರಣ ಟೈಪ್ ಮಾಡಬೇಕಿಲ್ಲ, ಬಾಯಲ್ಲಿ ಹೇಳಿದರೆ ಸಾಕು. ಇದು ನನ್ನ ಹೊಸ ಐಡಿಯಾ ಏನಲ್ಲ. ಜಪಾನಿನ ಸಾಕಿಚಿ ಟೊಯೋಡಾ 1924ರ ಹೊತ್ತಿಗೇ ನೂಲು ಹರಿದರೆ ತಾನೇ ನಿಲ್ಲುವ ಮಗ್ಗ ಮಾಡಿದ್ದರು. ಅವರ ಮಗ ಶುರು ಮಾಡಿದ ಟೊಯೋಟಾ ಕಾರ್ಖಾನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು. ಹೊಸಕೋಟೆಯ ಸ್ಕ್ಯಾನರ್‌ನಲ್ಲಿ ಇರದಿದ್ದ ಬಟನ್ ಅದೇ.

ಪ್ರಾಜೆಕ್ಟ್‌ನ ಕೊನೇ ಸ್ಲೈಡ್ ತೆಗೆದಿದ್ದೇನೆ. ಅಕ್ಕನ ದಿನಗಳ ಬಗ್ಗೆ? ದೀಪಾವಳಿವರೆಗೂ ಆರು ದಿನ. ಆಮೇಲಿನದು ದೊಡ್ಡವ್ವ ಇನ್ನೂ ತೀರ್ಮಾನ ಮಾಡಿಲ್ಲ, ಲೆಕ್ಕ ತೋರಿಸು ಅಂದಿದ್ದಾರೆ. ಪ್ಯಾಕಿಂಗ್‌ನಲ್ಲಿ ಉಳಿದ ಒಂದೂವರೆ ಗಂಟೆ ಲೆಕ್ಕದಲ್ಲಿ ಸುಲಭವಾಗಿ ಕಾಣುತ್ತೆ. ಹೋಗದೆ ಉಳಿದ ಒಂದು ಬಾಕ್ಸ್ ಯಾವ ಕಾಲಂನಲ್ಲಿ ಬರೀಲಿ? ಉಳಿದ ಹೊತ್ತಿನಲ್ಲಿ ಅಕ್ಕ ಬ್ಯಾಚ್ ಬರೆಯೋದು, ಮಿಕ್ಸರ್ ತೊಳೆದ ಗುರುತು ಹಾಕೋದು ಮಾಡಿದರೆ ಆರು ದಿನದ ಕೆಲಸ ಇದೆ ಅಂತ ಒಂದು ಹಾಳೆ ತಯಾರು ಮಾಡ್ತಿದ್ದೇನೆ. ಒಪ್ಪುತ್ತಾರೋ ಇಲ್ಲವೋ, ಬಂದು ಹೇಳ್ತೀನಿ.

ನೀವೂ ನಿಮ್ಮ ಅಪ್ಪನ ಅಂಗಡಿಗೋ, ಅತ್ತೆಯ ಸೀರೆ ಬಿಸಿನೆಸ್‌ಗೋ ಇಂಥದ್ದೇನಾದರೂ ಮಾಡೋದಿದ್ದರೆ ಖಂಡಿತ ಮಾಡಿ. ಚೀಟಿ ಮೇಲೆ ಆ ತಾಯಿಯ ಮಾತು ಪ್ರಿಂಟ್ ಆಗದಿದ್ದರೆ ಅಕ್ಕನಿಗೂ ಅದು ಗೊತ್ತಾಗ್ತಿರಲಿಲ್ಲ, ಅದನ್ನು ಮರೆಯಲ್ಲ. ಆದರೆ ಲ್ಯಾಪ್‌ಟಾಪ್ ತೆಗೆಯೋ ಮೊದಲು ಒಂದು ದಿನ ಆ ಕೆಲಸ ಮಾಡೋರ ಪಕ್ಕ ಕೂತು, "ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನೈತ್ರಿ?" ಅಂತ ಕೇಳಿ.

ಇವತ್ತು 34 ಬಾಕ್ಸ್ ಇದ್ದವು. 33 ಹೋದವು. ಒಂದನ್ನು ಅಕ್ಕ ತಡೆದಿದ್ದಾರೆ, ರೊಟ್ಟಿ ಮೆತ್ತಗಾಗಿವೆಯಂತೆ.